ಹಾಸನದಿಂದ ಮುಕ್ತಿನಾಥಕ್ಕೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬೇಕು: ರೈಲಾ, ಫ್ಲೈಟಾ, ಸ್ವಂತ ಗಾಡೀನಾ?

ಹಾಸನ_ಕೆಆರ್‌ಪುರಂ

ಎಲ್ರಿಗೂ ನಮಸ್ಕಾರ. ಅಪ್ಪನಿಗೆ 71, ಅಮ್ಮನಿಗೆ 63. ಅಪ್ಪ ದಿನಾ ಮನೇಲಿ ಸಾಲಿಗ್ರಾಮಕ್ಕೆ ತಿರುವಾರಾಧನೆ ಮಾಡೋರು, ಅದು ಸಿಗೋ ಗಂಡಕೀಲಿ ಒಂದ್ಸಲ ಸ್ನಾನ ಮಾಡಿ ನೇಪಾಳದ ಮುಕ್ತಿನಾಥನ ದರ್ಶನ ಮಾಡ್ಬೇಕು ಅಂತ ಎಷ್ಟೋ ವರ್ಷದಿಂದ ಹೇಳ್ತಾನೇ ಇದಾರೆ, ಈ ಅಕ್ಟೋಬರ್‌ನಲ್ಲಿ ಹೊರಟೇ ಬಿಡೋಣ ಅಂತ ಇದೀನಿ. ಪ್ಯಾಕೇಜ್ ಟೂರ್ ಬೇಡ ಅಂತಾರೆ ಇಬ್ರೂ, ಅವರ ಓಟಕ್ಕೆ ನಮ್ ಕೈಲಿ ಓಡಕ್ಕಾಗಲ್ಲ ಅಂತ.

ಒಬ್ರು ಯಶವಂತಪುರದಿಂದ ಗೋರಖ್‌ಪುರ ರೈಲಿಗೆ ಹೋಗಿ ಬಾರ್ಡರ್ ದಾಟಿ ಅಂತಾರೆ, ಇನ್ನೊಬ್ರು ದೆಹಲಿ ಮೇಲೆ ಕಠ್ಮಂಡುಗೆ ಫ್ಲೈಟ್ ಅಂತಾರೆ, ನಮ್ ಭಾವ ನೋಡಿದ್ರೆ ಇನ್ನೋವಾ ಇದ್ಯಲ್ಲ ಅದ್ರಲ್ಲೇ ಹೋಗಣ ಬಾ ಅಂತ ಕೂತಿದಾರೆ. ಅಪ್ಪನಿಗೆ ಶುಗರ್ ಇದೆ, ಮಂಡಿ ನೋವೂ ಇದೆ. ಇಬ್ರಿಗೂ ಪಾಸ್‌ಪೋರ್ಟ್ ಇಲ್ಲ, ಆಧಾರ್ ಇದೆ. ಹೋಗಿ ಬಂದೋರು ದಯವಿಟ್ಟು ಹೇಳಿ.

ಅರಸೀಕೆರೆ_ಜಂಕ್ಷನ್

ಸರ್ ಮೊದ್ಲು ಕಾಗದಪತ್ರ ನೋಡ್ಕೊಳಿ, ಟಿಕೆಟ್ ಆಮೇಲೆ. ನೇಪಾಳಕ್ಕೆ ನಮಗೆ ವೀಸಾ ಬೇಡ, 1950ರ ಒಪ್ಪಂದದಿಂದ ಬಂದಿರೋ ಅನುಕೂಲ ಅದು. ಆದ್ರೆ ವೀಸಾ ಬೇಡ ಅಂದ್ರೆ ಆಧಾರ್ ತೋರ್ಸಿ ಹೋಗ್ಬೋದು ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ. ಆಧಾರ್ ನಡೆಯೋದು 15ರ ಒಳಗಿನ ಮಕ್ಕಳಿಗೆ, 65 ದಾಟಿದ ಹಿರಿಯರಿಗೆ ಮಾತ್ರ. ನಿಮ್ ತಂದೆಯವ್ರಿಗೆ ತೊಂದ್ರೆ ಇಲ್ಲ, ತಾಯಿಯವ್ರಿಗೂ ನಿಮಗೂ ಪಾಸ್‌ಪೋರ್ಟ್ ಇಲ್ಲಾ ಚುನಾವಣಾ ಆಯೋಗದ ವೋಟರ್ ಐಡಿ ಬೇಕು, ಅದೂ ಒರಿಜಿನಲ್ ಕಾರ್ಡು, ಮೊಬೈಲಲ್ಲಿರೋ ಫೋಟೋ ನಂಬ್ಕೊಂಡು ಹೋಗ್ಬೇಡಿ. ಅಕ್ಟೋಬರ್ ಅಂದ್ರೆ ಟೈಮಿದೆ, ಹಾಸನದಲ್ಲೇ ಪೋಸ್ಟ್ ಆಫೀಸಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಈಗ್ಲೇ ಅಪ್ಲೈ ಮಾಡ್ಸಿ. ಎಲ್ಲಾ ದಾಖಲೇಲೂ ಇನಿಷಿಯಲ್ಲು, ಹೆಸರು ಒಂದೇ ಥರ ಇದ್ಯಾ ಅಂತಾನೂ ನೋಡಿ.

ರೈಲು ಅಂದ್ರೆ ಯಶವಂತಪುರ–ಗೋರಖ್‌ಪುರ ಎರಡು ದಿನದ ಹತ್ರ ಹಿಡಿಯತ್ತೆ, ದಿನಾ ಇರೋ ಗಾಡಿ ಅಲ್ಲ. ಗೋರಖ್‌ಪುರದಿಂದ ಸುನೌಲಿ ಬಾರ್ಡರ್ ಸುಮಾರು 95 ಕಿಲೋಮೀಟರ್, ಬಸ್ಸು ಟ್ಯಾಕ್ಸಿ ಎರಡೂ ಸಿಗತ್ತೆ. ದುಡ್ಡು ಉಳಿಯೋದು ಖಂಡಿತ, ಆದ್ರೆ ಮಂಡಿ ನೋವಿರೋರಿಗೆ ಎರಡು ರಾತ್ರಿ ರೈಲು, ಆಮೇಲೆ ಬೆಟ್ಟದ ರಸ್ತೆ ಅಂದ್ರೆ ದೇವ್ರ ಹತ್ರ ಹೋಗೋಷ್ಟೊತ್ತಿಗೆ ಸುಸ್ತಾಗೋಗಿರ್ತಾರೆ.

ಮೂಡಿಗೆರೆ_ತೋಟ

ಗಾಡೀಲಿ ಹೋಗಿರೋನು ನಾನು, ಅದ್ಕೆ ಹೇಳ್ತೀನಿ. ಹುಡುಗ್ರು ಹೋಗೋದಾದ್ರೆ ಅದ್ರಂಥ ಸುಖ ಇಲ್ಲ. ಸುನೌಲೀಲಿ ಗೇಟ್ ದಾಟಿದ್ಮೇಲೆ ಅವರ ಕಸ್ಟಮ್ಸ್ ಆಫೀಸಲ್ಲಿ ಭನ್ಸಾರ್ ಮಾಡಿಸ್ಬೇಕು, ಎಷ್ಟು ದಿನ ಇರ್ತೀರೋ ಅಷ್ಟು ದಿನಕ್ಕೆ ದುಡ್ಡು ಕಟ್ಟಿ ಚೀಟಿ ತಗೊಳೋದು. ಒರಿಜಿನಲ್ ಆರ್‌ಸಿ, ಡಿಎಲ್ ಕೇಳ್ತಾರೆ, ಗಾಡಿ ಭಾವನ ಹೆಸರಲ್ಲಿದ್ರೆ ಭಾವ ಜೊತೇಲಿರೋದೇ ಒಳ್ಳೇದು. ಒಂದೆರಡು ದಿನ ಜಾಸ್ತೀನೇ ಬರ್ಸಿ, ದಾರೀಲಿ ಗುಡ್ಡ ಕುಸಿದು ನಿಂತ್ಕೊಂಡ್ರೆ ವಾಪಸ್ ಬರೋವಾಗ ದಂಡ ಕಟ್ಟೋ ಹಾಗಾಗ್ಬಾರ್ದು.

ಆದ್ರೆ ಅಣ್ಣ, ಹಾಸನದಿಂದ ಬಾರ್ಡರ್‌ಗೇ ಎರಡು ಸಾವಿರ ಕಿಲೋಮೀಟರ್ ಮೇಲಾಗತ್ತೆ. ಹಿರಿಯರನ್ನ ಅಷ್ಟು ದೂರ ಕೂರಿಸ್ಕೊಂಡು ಹೋಗೋದು ಬೇಡ್ವೇ ಬೇಡ. ಬೆಂಗಳೂರಿಂದ ಗೋರಖ್‌ಪುರಕ್ಕೇ ಫ್ಲೈಟ್ ಇದೆ, ಇಲ್ಲಾ ವಾರಾಣಸಿಗೆ ಹೋಗಿ ಕಾಶಿ ದರ್ಶನ ಮುಗ್ಸಿ ಅಲ್ಲಿಂದ ಟ್ಯಾಕ್ಸಿ ಮಾಡ್ಕೊಳಿ. ಬಾರ್ಡರ್ ನಡ್ಕೊಂಡೇ ದಾಟ್ಬೋದು, ಆ ಕಡೆ ಭೈರಹವಾದಲ್ಲಿ ನೇಪಾಳದ ಗಾಡಿ ಹಿಡಿಯಿರಿ. ಬುದ್ಧ ಹುಟ್ಟಿದ ಲುಂಬಿನಿ ಪಕ್ಕದಲ್ಲೇ ಇದೆ, ಅದನ್ನೂ ನೋಡ್ಕೊಂಡು ಹೋಗಿ.

ಬೇಲೂರು_ಅಕ್ಕ

ಇಷ್ಟೊತ್ತೂ ಎಲ್ರೂ ಬಾರ್ಡರ್ ತನಕದ ಮಾತೇ ಆಡ್ತಿದೀರ. ವಯಸ್ಸಾದೋರಿಗೆ ಕಷ್ಟ ಇರೋದು ದಾರೀಲಿ ಸಿಗೋ ಪೋಖರಾ ಪಟ್ಟಣ ದಾಟಿದ್ಮೇಲೆ. ನಮ್ಮತ್ತೆಯವ್ರನ್ನ ಕರ್ಕೊಂಡು ಹೋಗಿದ್ವಿ, ಅದನ್ನ ನೋಡಿ ಹೇಳ್ತಿರೋದು.

ಪೋಖರಾ ಎತ್ತರ ನಮ್ ಹಾಸನಕ್ಕಿಂತ ಕಮ್ಮೀನೇ, ಮುಕ್ತಿನಾಥ 3,700 ಮೀಟರ್ ಮೇಲೆ. ನಮ್ ಮುಳ್ಳಯ್ಯನಗಿರಿ 1,930 ಮೀಟರ್, ಅಂದ್ರೆ ಅದರ ಎರಡರಷ್ಟು ಅಂತ ಲೆಕ್ಕ ಹಾಕ್ಕೊಳಿ. ಪೋಖರಾದಿಂದ ಮುಕ್ತಿನಾಥದ ಕೆಳಗಿರೋ ಜೋಮ್‌ಸೋಮ್‌ಗೆ ಪುಟ್ಟ ವಿಮಾನ ಇದೆ, ಇಪ್ಪತ್ತು ನಿಮಿಷ ಅಷ್ಟೇ, ಬೆಳಿಗ್ಗೆ ಮಾತ್ರ ಹಾರತ್ತೆ, ಯಾಕಂದ್ರೆ ಹೊತ್ತೇರ್ತಾ ಇದ್ದಂಗೆ ಕಾಳಿಗಂಡಕಿ ಕಣಿವೇಲಿ ಗಾಳಿ ಎದ್ದುಬಿಡತ್ತೆ, ಮಧ್ಯಾಹ್ನ ಬೀದೀಲಿ ನಿಂತ್ರೆ ಸೆರಗು ಹಿಡ್ಕೊಳಕ್ಕೆ ಎರಡು ಕೈ ಸಾಲಲ್ಲ, ಬಾಯೆಲ್ಲ ಮರಳು. ಮೋಡ ಇದ್ರೆ ಕ್ಯಾನ್ಸಲ್, ಅದ್ಕೆ ಒಂದು ದಿನ ಎಕ್ಸ್‌ಟ್ರಾ ಇಟ್ಕೊಳ್ಳೇಬೇಕು. ರಸ್ತೇಲಿ ಬೇನಿ ಮೇಲೆ ಜೀಪಲ್ಲಿ ಹೋದ್ರೆ ಇಡೀ ದಿನ ಕುಲುಕಾಟ.

ನಾನು ಹೇಳೋದು ಜೋಮ್‌ಸೋಮ್ ಇಲ್ಲಾ ಕಾಗ್‌ಬೇನೀಲಿ ಒಂದು ರಾತ್ರಿ ಉಳ್ಕೊಳಿ, ಉಸಿರು ಆ ಎತ್ತರಕ್ಕೆ ಹೊಂದ್ಕೊಳತ್ತೆ. ಕಾಗ್‌ಬೇನಿ ಸಂಗಮ, ಪಿತೃಕಾರ್ಯ ಮಾಡೋರೂ ಅಲ್ಲೇ ಮಾಡ್ತಾರೆ, ಅಪ್ಪನವ್ರ ಗಂಡಕೀ ಸ್ನಾನಾನೂ ಅಲ್ಲೇ ಆಗತ್ತೆ. ಮಾರನೇ ದಿನ ಬೆಳಿಗ್ಗೆ ಜೀಪಲ್ಲಿ ರಾಣಿಪೌವಾಗೆ ಹೋಗಿ, ಅಲ್ಲಿಂದ ದೇವಸ್ಥಾನಕ್ಕೆ ನಿಧಾನ ನಡೆದ್ರೆ ಅರ್ಧ ಗಂಟೆ ಮೇಲೆ, ಮಂಡಿ ನೋವಿದ್ರೆ ಕುದುರೆ ಮಾಡ್ಸಿ. ದರ್ಶನ ಮುಗ್ಸಿ ಅವತ್ತೇ ಕೆಳಗಿಳೀರಿ, ಮೇಲೆ ರಾತ್ರಿ ಉಳೀಬೇಡಿ. ದೇವಸ್ಥಾನದ 108 ಧಾರೆ ನೀರು ಕೊರೆಯೋ ಥಂಡಿ, ಶುಗರ್ ಇರೋರು ತಲೆಗೆ ಪ್ರೋಕ್ಷಣೆ ಮಾಡ್ಕೊಂಡ್ರೆ ಸಾಕು, ಅಪ್ಪನವ್ರು ಒಪ್ಪಲ್ಲ ಅಂತ ಗೊತ್ತು, ಆದ್ರೂ ನೀವು ಗಟ್ಟಿಯಾಗಿ ಹೇಳಿ. ಹೊರಡೋ ಮುಂಚೆ ಡಾಕ್ಟ್ರ ಹತ್ರ ಎತ್ತರದ ಬಗ್ಗೆ, ಮಾತ್ರೆ ಬಗ್ಗೆ ಕೇಳಿ.

ಅರಸೀಕೆರೆ_ಜಂಕ್ಷನ್

ಅಕ್ಕ ಹೇಳಿದ್ದೆಲ್ಲ ಸರಿ, ಆ ಪುಟ್ಟ ವಿಮಾನದ ವಿಷ್ಯ ಮಾತ್ರ ನಂಗೆ ಒಪ್ಪಿಗೆ ಇಲ್ಲ. 2022ರ ಮೇ 29ಕ್ಕೆ ಇದೇ ಪೋಖರಾ–ಜೋಮ್‌ಸೋಮ್ ದಾರೀಲಿ ವಿಮಾನ ಬಿದ್ದು 22 ಜನ ಹೋದ್ರು. ಜೀಪಲ್ಲಿ ಎರಡು ದಿನ ಮಾಡ್ಕೊಂಡು, ಮಧ್ಯ ತಾತೋಪಾನೀಲೋ ಮಾರ್ಫಾದಲ್ಲೋ ಉಳ್ಕೊಂಡು ಹೋಗೋದೇ ಮೇಲು.

ಬೇಲೂರು_ಅಕ್ಕ

ಭಯ ಸಹಜ ತಮ್ಮಾ, ಆದ್ರೆ ಆ ರಸ್ತೇಲೂ ಮಳೆಗಾಲದಲ್ಲಿ ಕುಸಿತ ತಪ್ಪಲ್ಲ. ಅಕ್ಟೋಬರ್ ಆದ್ರೆ ಎರಡೂ ನಡಿಯತ್ತೆ. ನೀನು ಹೇಳಿದ ಹಾಗೆ ಎರಡು ದಿನ ಮಾಡ್ಕೊಂಡು ನಿಧಾನ ಹತ್ತಿದ್ರೆ ಉಸಿರಿಗೂ ಒಳ್ಳೇದು, ಅದು ನಿಜ.

ಹಾಸನ_ಕೆಆರ್‌ಪುರಂ

ತುಂಬಾ ಉಪಕಾರ ಆಯ್ತು ಎಲ್ರಿಂದ. ಅಮ್ಮನ ಪಾಸ್‌ಪೋರ್ಟ್‌ಗೆ ಇವತ್ತೇ ಅಪಾಯಿಂಟ್‌ಮೆಂಟ್ ಹಾಕ್ದೆ. ಗೋರಖ್‌ಪುರ ತನಕ ಫ್ಲೈಟ್, ಆಮೇಲೆ ಎಲ್ಲಾ ರಸ್ತೇಲೇ, ಮೇಲೆ ಹೋಗೋಕೆ ಎರಡು ದಿನ ಅಂತ ಮನೇಲಿ ಒಪ್ಕೊಂಡ್ರು. ದುಡ್ಡು, ಫೋನು ಹೇಗೆ? ಪರ್ಮಿಟ್ ಏನಾದ್ರೂ ಬೇಕಾ? ವಾಪಸ್ ಬರೋವಾಗ ಪಶುಪತಿನಾಥ ಸೇರ್ಸ್‌ಬೋದಾ?

ಮೂಡಿಗೆರೆ_ತೋಟ

ನಮ್ 100 ರೂಪಾಯಿಗೆ ಅವರ 160, ಇದು ಫಿಕ್ಸ್ ರೇಟು. 100ರ ನೋಟಿನ ಕಟ್ಟು ಇಟ್ಕೊಳಿ, ದೊಡ್ಡ ನೋಟಿನ ರೂಲ್ಸ್ ಬದಲಾಗ್ತಾ ಇರತ್ತೆ, ಹೊರಡೋವಾಗ ಬ್ಯಾಂಕಲ್ಲಿ ವಿಚಾರಿಸಿ. ನಮ್ ಸಿಮ್ ಅಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆಗೋಗತ್ತೆ, ಭೈರಹವಾದಲ್ಲೇ ಲೋಕಲ್ ಸಿಮ್ ತಗೊಳಿ. ಗಡಿಯಾರ 15 ನಿಮಿಷ ಮುಂದಕ್ಕೆ ಇಡಿ, ಬಸ್ಸು ಹಿಡಿಯೋವಾಗ ಬೇಕಾಗತ್ತೆ. ಮುಕ್ತಿನಾಥ ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ ಬರತ್ತೆ, ಪೋಖರಾದಲ್ಲೇ ಪರ್ಮಿಟ್ ಮಾಡ್ಸಿ, ನಮ್ಮಂಥ ಸಾರ್ಕ್ ಕೂಟದ ದೇಶದೋರಿಗೆ ಫೀಸ್ ಕಮ್ಮಿ, ಪಾಸ್‌ಪೋರ್ಟ್ ಸೈಜ್ ಫೋಟೋ ಜೊತೇಲಿರ್ಲಿ.

ಪಶುಪತಿನಾಥ ಖಂಡಿತ ಸೇರ್ಸಿ. ಅಲ್ಲಿ ಗರ್ಭಗುಡಿ ಪೂಜೆ ಮಾಡೋ ಭಟ್ಟರು ನಮ್ ಕರ್ನಾಟಕದ ಕಡೆಯೋರೇ, ಅಪ್ಪನವ್ರು ಕನ್ನಡದಲ್ಲೇ ಮಾತಾಡ್ಸಿ ನೋಡ್ಲಿ. ಪೋಖರಾದಿಂದ ಕಠ್ಮಂಡುಗೆ ಬಸ್ಸೂ ಇದೆ ಫ್ಲೈಟೂ ಇದೆ, ಅಲ್ಲಿಂದ ದೆಹಲಿ ಮೇಲೆ ಬೆಂಗಳೂರಿಗೆ ಹಾರ್ಬಿಟ್ರೆ ಮತ್ತೆ ಬಾರ್ಡರ್‌ಗೆ ಬರೋ ಕಷ್ಟ ಇಲ್ಲ. ಹಾಗೆ ಮಾಡೋದಾದ್ರೆ ಏರ್‌ಪೋರ್ಟಲ್ಲಿ ಅಪ್ಪನವ್ರಿಗೆ ವೀಲ್‌ಚೇರ್ ಬೇಕು ಅಂತ ಟಿಕೆಟ್ ಬುಕ್ ಮಾಡೋವಾಗ್ಲೇ ಹಾಕಿ.