ಟ್ರೈನ್ 2: ಮಗಳ ಜೊತೆ ಆಡುವಾಗ ಒಗಟುಗಳನ್ನೆಲ್ಲ ನಾನೇ ಬಿಡಿಸುವಂತೆ ಆಗುತ್ತಿದೆ, ಏನು ಮಾಡಲಿ?

ಸಾಧನಕೇರಿ_ಮಳೆ:
ಧಾರವಾಡದಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಒಂಬತ್ತು ವರ್ಷದ ಮಗಳು ಹೊರಗೆ ಆಡುವಂತಿಲ್ಲ, ಅದಕ್ಕೇ ಇಬ್ಬರೂ ಕೂತು ಆಡೋಣ ಅಂತ ಟ್ರೈನ್ 2 (Trine 2) ಅನ್ನೋ ಕಂಪ್ಯೂಟರ್ ಆಟ ಹಾಕಿದೆ. ಮಂತ್ರವಾದಿ ಅಮೇಡಿಯಸ್, ಯೋಧ ಪಾಂಟಿಯಸ್, ಕಳ್ಳಿ ಜೋಯಾ, ಮೂವರೂ ಅವಳಿಗೆ ತುಂಬಾ ಇಷ್ಟವಾದರು. ಆದರೆ ನಾನು ಅಮೇಡಿಯಸ್ ಆಗಿ ಮಂತ್ರದಿಂದ ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಟ್ಟು ದಾಟಿಬಿಡುತ್ತೇನೆ, ಅವಳು ಸುಮ್ನೆ ಹಿಂದೆ ಬರುತ್ತಾಳೆ. ನಿನ್ನೆ "ಎಲ್ಲಾ ನೀನೇ ಮಾಡ್ತೀಯಪ್ಪಾ" ಅಂತ ಅತ್ತೇಬಿಟ್ಟಳು. ಬೇರೆ ಆಟ ನೋಡಲೇ?

ಬೆಟಗೇರಿ_ನೂಲು:
ಆಟ ಬದಲಿಸಬೇಡಿ, ಮೌಸ್ ಅವಳ ಕೈಗೆ ಕೊಡಿ, ಅವಳೇ ಅಮೇಡಿಯಸ್ ಆಗಲಿ. ಅಮೇಡಿಯಸ್ ತಾನು ನಿಂತ ಪೆಟ್ಟಿಗೆಯನ್ನು ತಾನೇ ಎತ್ತಲಾರ. ಆದರೆ ಅದರ ಮೇಲೆ ನೀವು ನಿಂತರೆ ಅವಳು ನಿಮ್ಮನ್ನು ಎತ್ತಿ ಆಚೆ ದಡಕ್ಕೆ ಇಳಿಸಬಹುದು. ಗದಗಿನಲ್ಲಿ ನಾನೂ ನನ್ನ ತಮ್ಮನೂ ಹೀಗೇ ಆಡಿದ್ದು. ಅವನು ನನ್ನನ್ನು ಎಷ್ಟು ಸಲ ಮುಳ್ಳಿನ ಮೇಲೆ ಬೀಳಿಸಿದನೋ ಲೆಕ್ಕವಿಲ್ಲ, ಆದರೂ ಒಬ್ಬರು ಉಳಿದು ಮುಂದಿನ ಚೆಕ್‌ಪಾಯಿಂಟ್ (ದಾರಿಯ ನಡುವಿನ ತಂಗುದಾಣ) ಮುಟ್ಟಿದರೆ ಸತ್ತವರು ಎದ್ದು ಬರುತ್ತಾರೆ, ಹಾಗಾಗಿ ಬೀಳುವುದಕ್ಕೆ ಹೆದರಬೇಡಿ. ದಾರಿ ನಿಮಗೆ ಕಂಡರೂ ಬಾಯಿ ಬಿಡಬೇಡಿ. ಕಷ್ಟ ಇರುವುದು ಅಲ್ಲೇ.

ಹಾವೇರಿ_ಏಲಕ್ಕಿ:
ಕ್ಲಾಸಿಕ್ ಮೋಡ್‌ನಲ್ಲೇ ಆಡಿ, ಅದರಲ್ಲಿ ಒಂದೇ ಪಾತ್ರವನ್ನು ಇಬ್ಬರೂ ಒಟ್ಟಿಗೆ ಆಡುವಂತಿಲ್ಲ. ಅನ್‌ಲಿಮಿಟೆಡ್ ಮೋಡ್‌ನಲ್ಲಿ ಇಬ್ಬರೂ ಮಂತ್ರವಾದಿ ಆಗಬಹುದು, ಆಗ ಎಲ್ಲ ಕಡೆ ಬರೀ ಪೆಟ್ಟಿಗೆಯ ರಾಶಿ, ಜೋಯಾಳ ಹಗ್ಗ ಯಾರಿಗೂ ನೆನಪಾಗುವುದಿಲ್ಲ. ಇದು ಮುಗಿದ ಮೇಲೆ 2019ರ ಟ್ರೈನ್ 4 ಆಡಿ. ಎಷ್ಟು ಜನ ಆಡುತ್ತಿದ್ದೀರಿ ಅನ್ನುವುದರ ಮೇಲೆ ಅದರಲ್ಲಿ ಒಗಟುಗಳೇ ಬದಲಾಗುತ್ತವೆ, ಇಬ್ಬರಿಗೂ ಕೆಲಸ ಸಿಗುತ್ತದೆ.

ಉಣಕಲ್_ದಂಡೆ:
ಇಟ್ ಟೇಕ್ಸ್ ಟು ಯಾರೂ ಹೇಳಲಿಲ್ಲ ಅಲ್ವಾ? ಅದನ್ನು ಇಬ್ಬರೇ ಆಡಬೇಕು, ಒಬ್ಬರಿಂದ ಆಗುವುದೇ ಇಲ್ಲ.

ಬೆಟಗೇರಿ_ನೂಲು:
ಆಟ ಚೆನ್ನಾಗಿದೆ, ಆದರೆ ಕಥೆ ಬೇರೆಯಾಗಲು ಹೊರಟ ಅಪ್ಪ ಅಮ್ಮನದು, ಮಧ್ಯೆ ಒಂದು ಆಟಿಕೆ ಆನೆಯ ಪ್ರಸಂಗ ಬರುತ್ತದೆ, ಅದನ್ನು ನೋಡಿ ನನಗೇ ಹೊಟ್ಟೆ ಹಿಂಡಿತು. ಒಂಬತ್ತು ವರ್ಷಕ್ಕೆ ಈಗಲೇ ಬೇಡ. ಅದಕ್ಕಿಂತ 2018ರ ಅನ್‌ರಾವೆಲ್ ಟು ನೋಡಿ. ನೂಲಿನ ಎರಡು ಪುಟ್ಟ ಜೀವಗಳು, ನಡುವೆ ಒಂದೇ ಎಳೆ. ಒಬ್ಬರು ಗಟ್ಟಿಯಾಗಿ ಹಿಡಿದು ನಿಂತರೆ ಇನ್ನೊಬ್ಬರು ಜೋತಾಡಿ ದಾಟಬೇಕು. ಮಗ್ಗದ ಸದ್ದು ಕೇಳುತ್ತ ಬೆಳೆದವಳು ನಾನು, ಆ ಎಳೆ ಬಿಗಿಯಾಗುವುದನ್ನು ನೋಡುವುದೇ ಒಂದು ಸಂತೋಷ.

ಸಾಧನಕೇರಿ_ಮಳೆ:
ಸಂಜೆ ಮೌಸ್ ಕೊಟ್ಟೆ. ಎರಡು ಸಲ ನೀರಿಗೆ ಬೀಳಿಸಿದಳು, ಮೂರನೇ ಸಲ ಮೆಲ್ಲಗೆ ಎತ್ತಿ ಮೇಲಿನ ಕಲ್ಲಿನ ಮೇಲೆ ಇಳಿಸಿ "ಅಲ್ಲಾಡಬೇಡ, ಅಲ್ಲೇ ಇರು" ಅಂದಳು. ನಾನು ಅಲ್ಲೇ ಇದ್ದೆ. ಊಟಕ್ಕೆ ಕರೆದರೂ ಏಳಲಿಲ್ಲ.