ಸಹಾಯ ಬೇಕು: ಘಾನಾದ ವಿದೇಶಾಂಗ ಸಚಿವರ ಪಟ್ಟಿ

ನಮಸ್ಕಾರ. 1957ರಿಂದ ಈವರೆಗಿನ ಘಾನಾ ವಿದೇಶಾಂಗ ಸಚಿವರ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ.

ಮೊದಲ ದಶಕದ ಕಥೆಯೇ ಮೈನವಿರೇಳಿಸುವಂಥದ್ದು. ಸ್ವಾತಂತ್ರ್ಯ ಹೋರಾಟದಲ್ಲಿ, ಮುಂದೆ ಘಾನಾದ ಮೊದಲ ರಾಷ್ಟ್ರಾಧ್ಯಕ್ಷರಾದ ಎನ್‌ಕ್ರುಮಾ ಜೊತೆ ಸೆರೆವಾಸ ಅನುಭವಿಸಿದ್ದ ಆಕೊ ಅಡ್ಜೆ, ವಿದೇಶಾಂಗ ಸಚಿವರಾಗಿದ್ದಾಗಲೇ, 1962ರಲ್ಲಿ ಕುಲುಂಗುಗು ಎಂಬಲ್ಲಿ ಎನ್‌ಕ್ರುಮಾ ಮೇಲೆ ನಡೆದ ಬಾಂಬ್ ದಾಳಿಯ ನಂತರ, ಅದೇ ಎನ್‌ಕ್ರುಮಾ ಸರ್ಕಾರದಿಂದ ಬಂಧನಕ್ಕೊಳಗಾದರು. ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾಗಿದ್ದ ಅಲೆಕ್ಸ್ ಕ್ವೈಸನ್-ಸ್ಯಾಕಿ 1965ರಲ್ಲಿ ಸಚಿವರಾದರು. 1966ರ ಫೆಬ್ರುವರಿಯ ಸೇನಾ ದಂಗೆ ಆ ಹುದ್ದೆಯನ್ನೂ ಕಿತ್ತುಕೊಂಡಿತು. ಇವರನ್ನು ಬರೀ ಹೆಸರು, ಇಸವಿಗಳಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ.

ಓಬೆಡ್ ಅಸಾಮೊವಾ ಅವರ ಸುದೀರ್ಘ ಅವಧಿ, ಮುಂದೆ ರಾಷ್ಟ್ರಾಧ್ಯಕ್ಷರಾದ ಅಕುಫೊ-ಅಡ್ಡೊ, 2025ರಲ್ಲಿ ಕಾಮನ್‌ವೆಲ್ತ್ ಮಹಾಕಾರ್ಯದರ್ಶಿಯಾದ ಶರ್ಲಿ ಬಾಚ್ವೇ ಅವರ ಭಾಗಗಳು ಸಿದ್ಧವಾಗಿವೆ. ನೆರವು ಬೇಕಿರುವುದು 1966ರಿಂದ 1981ರವರೆಗಿನ ಅವಧಿಗೆ. ಸರ್ಕಾರಗಳು ಮೇಲಿಂದ ಮೇಲೆ ಉರುಳಿದ ಆ ವರ್ಷಗಳಲ್ಲಿ ಯಾರು ಯಾವ ದಿನ ಅಧಿಕಾರ ವಹಿಸಿಕೊಂಡರು, ಯಾವ ದಿನ ಬಿಟ್ಟರು ಎಂಬುದಕ್ಕೆ ರಾಜಪತ್ರ ಅಥವಾ ಅಂದಿನ ಪತ್ರಿಕೆಯ ಆಧಾರ ಬೇಕು. ಘಾನಾದ ರಾಜಧಾನಿ ಆಕ್ರಾದಲ್ಲಿರುವ ಕನ್ನಡಿಗರು ಯಾರಾದರೂ ಅಲ್ಲಿನ ಗ್ರಂಥಾಲಯದಲ್ಲಿ ಹುಡುಕಿಕೊಡಬಲ್ಲಿರಾ? ದಿನಾಂಕ ಸ್ಪಷ್ಟವಾಗಿ ಕಾಣುವ ಪುಟದ ಮೊಬೈಲ್ ಚಿತ್ರವಾದರೂ ಸಾಕು. ನಕಲಿನ ಖರ್ಚನ್ನು ನಾನೇ ಭರಿಸುತ್ತೇನೆ.