ದೀರ್ಘ ಸೋಂಕಿನಲ್ಲಿ ನೆನಪಿನ ಟಿ ಕೋಶಗಳೇ ಮೊದಲು ಸೋಲುತ್ತವೆಯೇ?

ಥೈಮಸ್_ತಮ್ಮಣ್ಣ:
ಎಲ್‌ಸಿಎಂವಿ ಎಂಬ ಇಲಿಗಳ ವೈರಸ್ಸನ್ನು ಒಮ್ಮೆ ಕಂಡಿರುವ ಸಿಡಿ8 (ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶ) ನೆನಪಿನ ಕೋಶಗಳು, ಇನ್ನೂ ಅದನ್ನು ಕಾಣದ ನೈವ್ ಕೋಶಗಳಿಗಿಂತ ಬೇಗ ಎಚ್ಚರಗೊಳ್ಳುತ್ತವೆ. ಹಾಗಿದ್ದ ಮೇಲೆ ಕ್ಲೋನ್ 13 ತಳಿ ಕೊಟ್ಟು ಇಲಿಗೆ ತಿಂಗಳುಗಟ್ಟಲೆ ಸೋಂಕು ಹಿಡಿಸಿದಾಗಲೂ ಅವೇ ಮುಂದಿರಬೇಕಲ್ಲವೇ? ಲಸಿಕೆಯ ಲೆಕ್ಕಾಚಾರ ನಿಂತಿರುವುದೇ ಇದರ ಮೇಲೆ.

ಪ್ಲಾಕ್_ಪರಮೇಶಿ:
ಮುಂದಿರುವುದಿಲ್ಲ. ಎಮೊರಿ ವಿಶ್ವವಿದ್ಯಾಲಯದ ರಫಿ ಅಹ್ಮದ್ ಅವರ ತಂಡ 2011ರಲ್ಲಿ ಇವೆರಡನ್ನೂ ಹೋಲಿಸಿ ನೋಡಿತ್ತು. ಸೋಂಕು ಬೇಗ ಇಳಿದರೆ ನೆನಪಿನ ಕೋಶಗಳದ್ದೇ ದರ್ಬಾರು. ವೈರಸ್ ಹೊರೆ ಇಳಿಯದಿದ್ದರೆ ಅವು ಬೇಗ ಕಾಣೆಯಾಗುತ್ತವೆ, ನೈವ್ ಮೂಲದವು ಸೊರಗಿಕೊಂಡಾದರೂ ಉಳಿಯುತ್ತವೆ. ನೆನಪಿನ ಕೋಶಗಳಿಗೆ ವಿಭಜನೆ ಮುಂದುವರಿಸಲಾಗುವುದಿಲ್ಲ, 2ಬಿ4 ಎಂಬ ತಡೆಗ್ರಾಹಿ (ಕೋಶದ ಕೆಲಸಕ್ಕೆ ಬ್ರೇಕ್ ಹಾಕುವ ಗ್ರಾಹಿ) ಅವನ್ನೇ ಆರಿಸಿ ಅದುಮುತ್ತದೆ, ಮೇಲಾಗಿ ಸಿಡಿ4 ಎಂಬ ಸಹಾಯಕ ಟಿ ಕೋಶಗಳ ನೆರವು ಅವಕ್ಕೇ ಹೆಚ್ಚು ಬೇಕು.

ವರದಾ_ಫ್ಲೋ:
ಸಂಖ್ಯೆಯ ಮಾತು ಬಿಟ್ಟುಬಿಟ್ಟಿರಿ. ನೆನಪಿನ ಕೋಶಗಳು ಸಾಕಷ್ಟಿದ್ದರೆ ವೈರಸ್ ಬೇರೂರುವ ಮೊದಲೇ ಮುಗಿಸಿಬಿಡುತ್ತವೆ. ಪ್ರಯೋಗದಲ್ಲಿ ಜನ ಎಡವುವುದೂ ಇಲ್ಲೇ. ಜಿಪಿ33 ಎಂಬ ವೈರಸ್ ತುಣುಕನ್ನು ಗುರುತಿಸುವ ಪಿ14 ಎಂಬ ಸಿಡಿ8 ಕೋಶಗಳನ್ನು ಲಕ್ಷಗಟ್ಟಲೆ ಹಾಕಿ ಕ್ಲೋನ್ 13 ಕೊಟ್ಟರೆ ಇಲಿ ಸೋಂಕನ್ನು ಕಳೆದುಕೊಳ್ಳಬಹುದು, ಇಲ್ಲವೇ ಆ ಕೋಶಗಳ ಹೊಡೆತಕ್ಕೇ ಸಾಯಬಹುದು. ಕೆಲವು ಸಾವಿರಕ್ಕೆ ನಿಲ್ಲಿಸಿ. ನೆನಪಿನ ಪಿ14ಗೆ ಒಂದು ಗುರುತು, ನೈವ್ ಪಿ14ಗೆ ಇನ್ನೊಂದು (ಥೈ1.1, ಲೈ5.1) ಇರಲಿ, ಎರಡನ್ನೂ ಸಮಪಾಲಿನಲ್ಲಿ ಒಂದೇ ಇಲಿಗೆ ಹಾಕಿ. ಬೇರೆ ಬೇರೆ ಇಲಿಯಾದರೆ ವೈರಸ್ ಹೊರೆಯೇ ಬೇರೆಯಾಗಿ ಹೋಲಿಕೆ ಕೆಡುತ್ತದೆ.

ಪ್ಲಾಕ್_ಪರಮೇಶಿ:
ಒಪ್ಪಿದೆ. ವೈರಸ್ಸಿನ ಕಡೆಯೂ ನೋಡಿ. ಆರ್ಮ್‌ಸ್ಟ್ರಾಂಗ್ ತಳಿಯಾದರೆ 2 ಲಕ್ಷ ಪಿಎಫ್‌ಯು (ಪ್ಲಾಕ್ ಮಾಡಬಲ್ಲ ವೈರಸ್ ಕಣಗಳ ಎಣಿಕೆ), ಹೊಟ್ಟೆಯೊಳಗೆ ಚುಚ್ಚಿ; ಸುಮಾರು 8 ದಿನಕ್ಕೆ ಖಾಲಿ. ಕ್ಲೋನ್ 13 ಆದರೆ 20 ಲಕ್ಷ, ರಕ್ತನಾಳಕ್ಕೇ. ಕರಗಿಸಿ ಮತ್ತೆ ಫ್ರೀಜ್ ಮಾಡಿದ ಸ್ಟಾಕ್‌ನ ಟೈಟರ್ (ಸೋಂಕಬಲ್ಲ ವೈರಸ್ ಪ್ರಮಾಣ) ಬಿದ್ದಿರುತ್ತದೆ, ಸೂಜಿ ಬಾಲದ ನಾಳದಿಂದ ಜಾರಿದರೂ ಡೋಸ್ ಕಮ್ಮಿಯೇ. ಎರಡನೇ ವಾರದಲ್ಲಿ ಸೀರಮ್ ತೆಗೆದು, ಪ್ರಯೋಗಾಲಯದ ವೀರೋ ಕೋಶಗಳ ಮೇಲೆ ಹಾಕಿ ಪ್ಲಾಕ್ (ವೈರಸ್ ಕೋಶಗಳನ್ನು ಕೊಂದ ಜಾಗದ ಖಾಲಿ ಕಲೆ) ಎಣಿಸುವ ತನಕ ಅದನ್ನು ದೀರ್ಘ ಸೋಂಕು ಅನ್ನಬೇಡಿ.

ಬಿಳಿರಕ್ತ:
ಅಷ್ಟೆಲ್ಲ ಯಾಕೆ? ಕೋಶಗಳ ಮೇಲೆ ಪಿಡಿ-1 ಎಂಬ ತಡೆಗ್ರಾಹಿ ಏರಿದೆಯಾ ನೋಡಿದರೆ ಸಾಲದೇ?

ವರದಾ_ಫ್ಲೋ:
ಸಾಲದು. ಆರ್ಮ್‌ಸ್ಟ್ರಾಂಗ್‌ನಲ್ಲೂ ಮೊದಲ ದಿನಗಳಲ್ಲಿ ಪಿಡಿ-1 ಏರುತ್ತದೆ, ವೈರಸ್ ಹೋದ ಮೇಲೆ ಇಳಿಯುತ್ತದೆ. 30ನೇ ದಿನದ ಹೊತ್ತಿಗೆ ಸೊರಗಿದ ಕೋಶಗಳ ಗುರುತಾದ ಟಾಕ್ಸ್ ಪ್ರೋಟೀನ್ ಜೊತೆ ಸೇರಿಸಿ ನೋಡಿ. ಜಿಪಿ33 ಪೆಪ್ಟೈಡ್ ಮತ್ತು ಬ್ರೆಫೆಲ್ಡಿನ್ ಎ (ಸೈಟೊಕೈನ್ ಕೋಶದಿಂದ ಹೊರಹೋಗದಂತೆ ತಡೆಯುವ ರಾಸಾಯನಿಕ) ಹಾಕಿ 37 ಡಿಗ್ರಿಯಲ್ಲಿ 5 ಗಂಟೆ ಇಟ್ಟು ಸೈಟೊಕೈನ್, ಅಂದರೆ ಕೋಶಗಳ ಸಂದೇಶ ಪ್ರೋಟೀನ್, ಅಳೆಯಿರಿ. ಕೋಶ ಸೊರಗಿದಂತೆ ಐಎಲ್-2 ಮೊದಲು ಹೋಗುತ್ತದೆ, ಆಮೇಲೆ ಟಿಎನ್‌ಎಫ್, ಇಂಟರ್‌ಫೆರಾನ್ ಗಾಮಾ ಕೊನೆಗೆ. ಇಲಿಯ ಸ್ವಂತ ಕೋಶ ಎಣಿಸುವಾಗ ಎನ್‌ಪಿ396 ಎಂಬ ಇನ್ನೊಂದು ವೈರಸ್ ತುಣುಕಿನ ಟೆಟ್ರಮರ್ (ಅದನ್ನು ಗುರುತಿಸುವ ಕೋಶಗಳಿಗೆ ಅಂಟುವ ಗುರುತು) ಒಂದನ್ನೇ ನಂಬಬೇಡಿ. ಕ್ಲೋನ್ 13ರಲ್ಲಿ ಆ ಗುಂಪು ಬಹುತೇಕ ಅಳಿದೇ ಹೋಗುತ್ತದೆ.

ಥೈಮಸ್_ತಮ್ಮಣ್ಣ:
ಸಿಎಂವಿ (ಸೈಟೊಮೆಗಾಲೊವೈರಸ್) ಜೀವಮಾನವಿಡೀ ಇರುತ್ತದಲ್ಲ. ಅಲ್ಲಿ ಕೆಲವು ನೆನಪಿನ ಕೋಶಗಳು ವಯಸ್ಸಾದಂತೆ ಹೆಚ್ಚುತ್ತವೆ, ಕೆಲಸವನ್ನೂ ಬಿಡುವುದಿಲ್ಲ.

ಪ್ಲಾಕ್_ಪರಮೇಶಿ:
ಸಿಎಂವಿ ಅಡಗಿ ಕೂರುತ್ತದೆ, ಆಗಾಗ ಮಾತ್ರ ಇಣುಕುತ್ತದೆ. ಎಷ್ಟು ವರ್ಷ ಇದೆ ಅನ್ನುವುದಲ್ಲ, ಪ್ರತಿಜನಕ (ಟಿ ಕೋಶ ಗುರುತಿಸುವ ವೈರಸ್ ತುಣುಕು) ಬಿಡುವಿಲ್ಲದೆ ಎಷ್ಟು ತಾಗುತ್ತಿದೆ ಅನ್ನುವುದು ಲೆಕ್ಕ.

ಬಿಳಿರಕ್ತ:
ಸರಿ, ಸಿಡಿ4 ನೆರವು ಬೇಕೆಂದರೆ ಲಸಿಕೆಯಲ್ಲಿ ಸಿಡಿ4 ಕೋಶಗಳನ್ನೇ ಚೆನ್ನಾಗಿ ಎಬ್ಬಿಸಿದರಾಯಿತು.

ವರದಾ_ಫ್ಲೋ:
ಒಂಟಿಯಾಗಿ ಎಬ್ಬಿಸಿದರೆ ಕೆಡುತ್ತದೆ. ಸಿಡಿ4 ಮಾತ್ರ ಎಬ್ಬಿಸುವ ಲಸಿಕೆ ಪಡೆದ ಇಲಿಗಳಿಗೆ ದೀರ್ಘ ಸೋಂಕಿನ ಎಲ್‌ಸಿಎಂವಿ ಕೊಟ್ಟಾಗ ಅವು ಮೈತುಂಬ ಉರಿಯೂತ ಎದ್ದು ಸತ್ತವೆಂದು 2015ರಲ್ಲಿ ವರದಿಯಾಗಿದೆ. ವೈರಸ್ ಗುರುತಿಸುವ ಸಿಡಿ8 ಕೋಶಗಳೋ ಪ್ರತಿಕಾಯಗಳೋ ಜೊತೆಗಿದ್ದಾಗ ಆ ಅನಾಹುತ ಆಗಲಿಲ್ಲ.